ಗ್ಲೂಕೋಸ್ ಸಾಹೇಬರಿಗೆ ಒಂದು ತಕರಾರು ಅರ್ಜಿ

ಶ್ರೀಮಾನ್ ಗ್ಲೂಕೋಸ್ ಸಾಹೇಬರಿಗೆ,

ಸಿರವಾರ ಕಡೆಯ ಮಲ್ಲಟ ಊರಿಂದ ಒಬ್ಬ ಹತ್ತಿ ರೈತನ ಶರಣು ಶರಣಾರ್ಥಿ.

ನಮ್ಮ ಕಡೆ ನಿಮ್ಮನ್ನು ಅರಿಯದವರಿಲ್ಲ. ಬಿಸಿಲಿಗೆ ತಲೆ ತಿರುಗಿ ಬಿದ್ದವರಿಗೂ ಹೊಟ್ಟೆ ಕೆಟ್ಟವರಿಗೂ ಬರೀ ನಿಶ್ಶಕ್ತಿ ಅಂತ ದವಾಖಾನೆ ಮೆಟ್ಟಿಲು ಹತ್ತಿದವರಿಗೂ ನಿಮ್ಮದೇ ಬಾಟ್ಲಿ. ‘ಎರಡು ಗ್ಲುಕೋಸ್ ಏರಿಸಿದ್ರು’ ಎಂದು ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುವುದಕ್ಕೂ ಒಂದು ಗತ್ತು ಬೇಕು. ಆದರೆ ನಿಮ್ಮ ದೊಡ್ಡ ವ್ಯವಹಾರ ಇರುವುದು ಬಾಟ್ಲಿಯೊಳಗಲ್ಲ, ನಮ್ಮ ಹೊಲದೊಳಗೆ. ನಾನು ಬಿ.ಎಸ್ಸಿ. ಅರ್ಧಕ್ಕೆ ಬಿಟ್ಟು ಎರೆ ಹೊಲಕ್ಕೆ ಇಳಿದವನು. ಬಿಟ್ಟ ಅರ್ಧದಲ್ಲಿ ಏನಿತ್ತೋ ಕಾಣೆ, ಓದಿದ ಅರ್ಧದಲ್ಲಿ ನೀವಿದ್ದಿರಿ. ಆ ಧೈರ್ಯದ ಮೇಲೆ ಈ ಅರ್ಜಿ. ಬಹಿರಂಗವಾಗಿ ಯಾಕೆ ಅಂದರೆ, ಲಕೋಟೆಯಲ್ಲಿ ಹಾಕಿ ಕೊಟ್ಟ ಅರ್ಜಿಗಳ ಗತಿ ನಮಗೆ ಗೊತ್ತು.

ಮುಖ್ಯ ತಕರಾರು ಇಷ್ಟೇ: ನೀವು ಪಕ್ಷಾಂತರಿಗಳು. ನಿಮ್ಮ ಮೈಯಲ್ಲಿ ಇರುವುದು ಒಟ್ಟು 24 ಪರಮಾಣು: ಆರು ಕಾರ್ಬನ್, ಹನ್ನೆರಡು ಹೈಡ್ರೋಜನ್, ಆರು ಆಮ್ಲಜನಕ. ಉಂಗುರದ ಹಾಗೆ ಸುತ್ತಿಕೊಂಡು ಕೂತಾಗ ಒಂದನೇ ಕಾರ್ಬನ್ನಿನ ಮೇಲಿನ ಹೈಡ್ರಾಕ್ಸಿಲ್ (OH) ಗುಂಪು ಕೆಳಕ್ಕೆ ಇಳಿಬಿದ್ದರೆ ನಿಮ್ಮ ಹೆಸರು ಆಲ್ಫಾ, ಮೇಲಕ್ಕೆ ಎದ್ದು ನಿಂತರೆ ಬೀಟಾ. ನೀರಿಗೆ ಬಿದ್ದಿರಿ ಅಂದರೆ ಅತ್ತಿಂದಿತ್ತ ಜಿಗಿಯುತ್ತಲೇ ಇರುತ್ತೀರಿ. ಯಾವ ಗಳಿಗೆಯಲ್ಲಿ ಎಣಿಸಿದರೂ ಸುಮಾರು ಶೇ. 36 ಮಂದಿ ಆಲ್ಫಾ ಕಡೆ, ಶೇ. 64 ಮಂದಿ ಬೀಟಾ ಕಡೆ. ನಮ್ಮ ಶಾಸಕರಾದರೂ ರೆಸಾರ್ಟಿಗೆ ಹೋದ ಮೇಲೆ ಒಂದು ಕಡೆ ಕೂರುತ್ತಾರೆ!

ನೀವು ಕೂರುವುದು ಪಕ್ಕದವರ ಜೊತೆ ಕೊಂಡಿ ಬಿದ್ದ ಮೇಲೆ. ಆಲ್ಫಾ ಕೊಂಡಿ ಬಿದ್ದರೆ ಸರಪಳಿ ಸ್ಪ್ರಿಂಗಿನ ಹಾಗೆ ಸುರುಳಿಯಾಗುತ್ತದೆ. ಅದು ಪಿಷ್ಟ, ಅಂದರೆ ಅನ್ನ. ಬೀಟಾ ಕೊಂಡಿ ಬಿದ್ದರೆ ಒಬ್ಬರು ಅಂಗಾತ, ಮುಂದಿನವರು ಬೋರಲು, ಮತ್ತೊಬ್ಬರು ಅಂಗಾತ, ಹೀಗೆ ಮಗುಚಿಕೊಳ್ಳುತ್ತ ಸರಪಳಿ ನೆಟ್ಟಗೆ ಸಾಗುತ್ತದೆ. ನೆಟ್ಟಗಿನ ಸರಪಳಿಗಳು ಒಂದಕ್ಕೊಂದು ಒತ್ತಿಕೊಂಡು ಹೈಡ್ರೋಜನ್ ಬಂಧದಿಂದ ಬಿಗಿಯುತ್ತವೆ. ಅದು ಸೆಲ್ಯುಲೋಸ್, ಅಂದರೆ ಹತ್ತಿ. ಒಂದು ಕೊಂಡಿಯ ದಿಕ್ಕಿಗೆ ಅರ್ಧ ಜಿಲ್ಲೆ ಭತ್ತದ ಗದ್ದೆ, ಅರ್ಧ ಜಿಲ್ಲೆ ಹತ್ತಿ ಹೊಲ. ಹತ್ತಿಯನ್ನು ಬೇಯಿಸಿ ತಿನ್ನಲಾಗದು, ಅನ್ನವನ್ನು ನೂತು ಉಡಲಾಗದು.

‘ಅದು ನಮ್ಮ ಕೈಯಲ್ಲಿಲ್ಲ, ಕೊಂಡಿ ಹಾಕುವ ಕಿಣ್ವದ ಕೈಯಲ್ಲಿದೆ’ ಎಂದು ನೀವು ಸಬೂಬು ಹೇಳುತ್ತೀರಿ. ಬಲ್ಲೆವು. ಇಲ್ಲಿನ ಕಚೇರಿಗಳಲ್ಲೂ ಫೈಲು ಯಾವಾಗಲೂ ಪಕ್ಕದ ಟೇಬಲ್ಲಿನಲ್ಲೇ ಇರುತ್ತದೆ. ಆದರೆ ಆ ಕಿಣ್ವದ ಕೆಲಸ ಕಂಡರೆ ಬೈಯಲು ಬಾಯಿ ಬರುವುದಿಲ್ಲ, ಅದೇ ಕಷ್ಟ. ಹತ್ತಿಯ ಒಂದೊಂದು ಎಳೆಯೂ ಒಂದೇ ಒಂದು ಜೀವಕೋಶ. ಬೀಜದ ಸಿಪ್ಪೆಯ ಮೇಲಿನ ಕೋಶವೊಂದು ಹೂ ಅರಳುವ ಹೊತ್ತಿಗೆ ಉಬ್ಬಿ, ಎರಡು ಮೂರು ವಾರ ಉದ್ದಕ್ಕೆ ಬೆಳೆಯುತ್ತದೆ. ಅಗಲ ಮಿಲಿಮೀಟರಿನ ಐವತ್ತನೇ ಒಂದು ಪಾಲಿನ ಆಸುಪಾಸು, ಉದ್ದ ಹೆಬ್ಬೆರಳಿನ ಗೆಣ್ಣಿನಷ್ಟು. ಆಮೇಲೆ ಒಳಗಿನಿಂದ ಗೋಡೆ ಕಟ್ಟುವ ಕೆಲಸ. ಕೋಶದ ಪೊರೆಯಲ್ಲಿ ಆರು ಎಸಳಿನ ಗುಂಡು ಹೂವಿನಂಥ ಕಿಣ್ವದ ಗುಂಪುಗಳು ಕೂತಿರುತ್ತವೆ. ಒಳಗಿನಿಂದ ನಿಮ್ಮನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಂಡು, ಕೊಂಡಿ ಹಾಕಿ, ಹೊರಗೆ ದಾರವಾಗಿ ಬಿಡುತ್ತವೆ. ಒಂದೊಂದು ಸರಪಳಿಯಲ್ಲಿ ನೀವು ಹತ್ತು ಸಾವಿರದ ಆಸುಪಾಸು ಮಂದಿ! ಪದರದ ಮೇಲೆ ಪದರ ಬೀಳುತ್ತದೆ. ರಾತ್ರಿ ಚಳಿ ಹೆಚ್ಚಾದರೆ ಕೆಲಸ ನಿಧಾನ. ಕಡೆಗೆ ಕೋಶ ಸಾಯುತ್ತದೆ, ಕಾಯಿ ಒಡೆಯುತ್ತದೆ, ಎಳೆ ಒಣಗಿ ಚಪ್ಪಟೆಯಾಗಿ ತಿರುಚಿಕೊಳ್ಳುತ್ತದೆ. ಆ ತಿರುಚು ಇರುವುದರಿಂದಲೇ ಎಳೆಗೆ ಎಳೆ ಸಿಕ್ಕಿಕೊಂಡು ನೂಲಾಗುವುದು. ಉಳಿದದ್ದರಲ್ಲಿ ಶೇ. 90ಕ್ಕೂ ಮೇಲೆ ನೀವೇ. ಬಗ್ಗಿ ಬಗ್ಗಿ ಹತ್ತಿ ಬಿಡಿಸುವ ನಮ್ಮ ಹೆಣ್ಣುಮಕ್ಕಳು ಉಡಿಗೆ ತುಂಬಿಕೊಳ್ಳುವುದು ಸತ್ತ ಕೋಶಗಳ ಖಾಲಿ ಮನೆಗಳನ್ನು. ನಮ್ಮ ಜಿಲ್ಲೆಯ ಹಟ್ಟಿಯ ಚಿನ್ನಕ್ಕೆ ಗಣಿ ತೋಡಿದರು. ಹತ್ತಿಯ ಬಂಗಾರಕ್ಕೆ ಈ ಸೊಂಟಗಳೇ ಗಣಿ.

ಇನ್ನೊಂದು ಗುಟ್ಟೂ ಹೊರಬಿದ್ದಿದೆ. ಸಸ್ಯಗಳಲ್ಲಿ ಸೆಲ್ಯುಲೋಸ್ ನೇಯುವ ಕಿಣ್ವದ ಜೀನ್ ಎಲ್ಲಿದೆ ಎಂದು ವಿಜ್ಞಾನಿಗಳು ವರ್ಷಗಟ್ಟಲೆ ತಡಕಿದರು. ಕೊನೆಗೆ 1996ರಲ್ಲಿ ಸುಳಿವು ಸಿಕ್ಕಿದ್ದು ಎರಡು ಗಿಡಗಳಲ್ಲಿ: ಒಂದು ಹತ್ತಿ, ಇನ್ನೊಂದು ಭತ್ತ. ನೋಡಿ, ನಿಮ್ಮ ಎರಡೂ ವಿಳಾಸ ನಮ್ಮ ತಾಲ್ಲೂಕಿನವೇ.

ಎರಡನೇ ತಕರಾರು ರೊಕ್ಕದ್ದು. ಸರಪಳಿ ಸೇರಿದ ಮೇಲೂ ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಮೂರು ಹೈಡ್ರಾಕ್ಸಿಲ್ ಕೈ ಉಳಿಯುತ್ತವೆ. ಪಕ್ಕದ ಸರಪಳಿ ಹಿಡಿದು ಮಿಕ್ಕ ಕೈಗಳು ಸುಮ್ಮನಿರದೆ ಗಾಳಿಯ ತೇವ ಹಿಡಿಯುತ್ತವೆ. ಜವಳಿ ವ್ಯಾಪಾರದವರೇ ಹತ್ತಿಗೆ ಒಣ ತೂಕದ ಮೇಲೆ ಶೇ. 8.5 ತೇವ ಸಹಜ ಅಂತ ಒಪ್ಪಿದ್ದಾರೆ. ಆದರೆ ಬೆಂಬಲ ಬೆಲೆಯ ಖರೀದಿಯಲ್ಲಿ ತೇವ ಶೇ. 8 ದಾಟಿತೋ, ಬೆಲೆಗೆ ಕತ್ತರಿ, ಶೇ. 12 ದಾಟಿತೋ, ಗಾಡಿ ವಾಪಸ್. ನಿಮ್ಮ ಹುಟ್ಟುಗುಣಕ್ಕೆ ದಂಡ ಕಟ್ಟುವವನು ನಾನು. ಒಬ್ಬ ಅಡ್ತಿಯವರಂತೂ ತೇವ ಅಳೆಯುವ ಮೀಟರನ್ನೂ ಮುಟ್ಟದೆ ಹತ್ತಿಯನ್ನು ಮುಷ್ಟಿಯಲ್ಲಿ ಹಿಂಡಿ, ನನ್ನ ಮುಖ ನೋಡಿ, ‘ಹಸಿ ಐತಿ’ ಅಂದರು. ಹಸಿ ಇದ್ದದ್ದು ಹತ್ತಿಯೋ ಮುಖವೋ ಕೇಳಲಿಲ್ಲ.

ನೀರಿನ ಮಾತು ಬಂತು, ಕೇಳಿಬಿಡುತ್ತೇನೆ. ಲೆಕ್ಕದ ಪ್ರಕಾರ ನೀವು ಒಂದೊಂದು ಕೊಂಡಿ ಕೂಡುವಾಗಲೂ ಒಂದು ನೀರಿನ ಅಣು ಕಳಚಿ ಹೋಗಬೇಕು. ಹತ್ತು ಸಾವಿರ ಮಂದಿ ಸೇರಿದರೆ 9,999 ಅಣು. ತುಂಗಭದ್ರಾ ಎಡದಂಡೆ ಕಾಲುವೆ 227 ಕಿ.ಮೀ. ಹರಿದು ಬರುವಷ್ಟರಲ್ಲಿ ಮಾನ್ವಿ, ಸಿರವಾರ ಕಡೆಯ ಕೊನೆಭಾಗದ ರೈತರು ಒಣಗಿದ ತೂಬಿನ ಮುಂದೆ ಕೂತಿರುತ್ತಾರೆ. ನೀವು ಬಿಟ್ಟ ಅಷ್ಟು ನೀರಿಗೆ ಇಲ್ಲೊಂದು ಉಪಕಾಲುವೆ ಮಂಜೂರು ಮಾಡಿಸಲಾದೀತೇ?

ಕೊಂಡಿಯ ವಿಷಯದಲ್ಲಿ ಮಾತ್ರ ನಿಮ್ಮನ್ನು ಮೆಚ್ಚಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿ ಹೋಯಿತು. ತುಂಬಿದ ಡ್ಯಾಮಿನ ನೀರು ಹೊಳೆಪಾಲಾಗುವುದನ್ನು ಮೊಬೈಲಿನಲ್ಲಿ ನೋಡುತ್ತ ನಾವು ಕೂತೆವು. ಹತ್ತಿಯ ಎಳೆಯಾದರೋ ನೆನೆದರೆ ಒಣಗಿದ್ದಕ್ಕಿಂತ ಗಟ್ಟಿ. ಮುಂದಿನ ಟೆಂಡರಿಗೆ ನೀವೂ ಅರ್ಜಿ ಹಾಕಿ.

ಕಡೆಯ ಬೇಡಿಕೆ ಜೋಳದ್ದು. ಒಂದೇ ಗಿಡ. ಮೇಲಿನ ತೆನೆಯಲ್ಲಿ ಆಲ್ಫಾ ಆಗಿ ನನ್ನ ರೊಟ್ಟಿ, ಕೆಳಗಿನ ದಂಟಿನಲ್ಲಿ ಬೀಟಾ ಆಗಿ ಎತ್ತಿನ ಕಣಿಕಿ. ನನ್ನ ಎಂಜಲಿನ ಕಿಣ್ವ ಆಲ್ಫಾ ಕೊಂಡಿ ಬಿಚ್ಚುತ್ತದೆ, ಬೀಟಾ ಅದಕ್ಕೆ ಬಗ್ಗುವುದಿಲ್ಲ. ಎತ್ತಿಗೂ ಸ್ವಂತಕ್ಕೆ ಆ ವಿದ್ಯೆ ಇಲ್ಲ. ಹೊಟ್ಟೆಯೊಳಗೆ ಸೂಕ್ಷ್ಮಜೀವಿಗಳಿಗೆ ಮನೆ ಕೊಟ್ಟು ಅವುಗಳಿಂದ ಬಿಚ್ಚಿಸಿಕೊಳ್ಳುತ್ತದೆ. ಬರಗಾಲದ ವರ್ಷ ಬಣವಿಯ ಮುಂದೆ ನಿಂತವನಿಗೆ ಇದು ಎಂಥ ಸಂಕಟ ಅಂತ ನಿಮಗೆ ಹೊಳೆದಿಲ್ಲ. ಕಣ್ಣ ಮುಂದೆ ಆಳೆತ್ತರ ಸಕ್ಕರೆ, ಒಂದು ಗುಂಜಿಯೂ ನನ್ನದಲ್ಲ. ಆ ಕೊಂಡಿಯನ್ನು ಬೇಸಿಗೆ ಮುಗಿಯುವವರೆಗಾದರೂ ಸಡಿಲ ಮಾಡಲು ಆಗುತ್ತದೆಯೇ ತಿಳಿಸಿ.

ಊರವರ ಸಹಿ ಇದರೊಂದಿಗೆ ಲಗತ್ತಿಸಿದೆ. ಎತ್ತಿನದೊಂದು ಸಿಕ್ಕಿಲ್ಲ. ಬದುವಿನ ಮೇಲೆ ಮಲಗಿ ಮೆಲುಕು ಹಾಕುತ್ತಿದೆ, ಎಬ್ಬಿಸಿದರೂ ಏಳಲೊಲ್ಲದು.

ಇಂತಿ,
ಮಲ್ಲಟದ ಎರೆ ಹೊಲದವನು