ಡಿಂಗಿ ಮೊದಲು, ರಾಫ್ಟ್ ಆಮೇಲೆ

ನಿಮ್ಮ ಮಗಳು, ಅಳಿಯ ಆಕ್ಲೆಂಡಿನಲ್ಲಿ ಹಾಯಿದೋಣಿ ಕೊಂಡು ಅದರಲ್ಲೇ ಸಂಸಾರ ಹೂಡುತ್ತಾರಂತಲ್ಲ ಶೆಟ್ರೇ, ನಮ್ಮವಳು ಹೇಳಿದಳು. ಒಳ್ಳೆಯದಾಗಲಿ. ಒಂದು ಮಾತು ಮಾತ್ರ ಅವರಿಗೆ ಮುಟ್ಟಿಸಿ: ಹೆದರಿಕೆಯಲ್ಲಿ ದುಡ್ಡೆಲ್ಲ ದೋಣಿ ಮುಳುಗಿದರೆ ಹತ್ತುವ ಲೈಫ್‌ರಾಫ್ಟಿಗೆ ಸುರಿದು, ದಡಕ್ಕೆ ಓಡಾಡುವ ಪುಟ್ಟ ಡಿಂಗಿ ಯಾವುದಾದರೂ ಆದೀತು ಅನ್ನುವುದು ಬೇಡ.

ರಾಫ್ಟ್ ಬೇಕೇ ಬೇಕು ಮಾರಾಯ್ರೇ. ಹಗ್ಗ ಜಗ್ಗಿದರೆ ತಾನೇ ಉಬ್ಬುತ್ತದೆ, ಮೇಲೆ ಮಾಡು ಇರುತ್ತದೆ, ಅಡಿಯ ಚೀಲಗಳಲ್ಲಿ ನೀರು ತುಂಬಿ ಮಗುಚದಂತೆ ಹಿಡಿಯುತ್ತದೆ. ಆದರೆ ಹೋಗಬೇಕೆಂದ ಕಡೆ ಅದು ಹೋಗುವುದಿಲ್ಲ. ಅಮೆರಿಕದ ಸ್ಟೀವನ್ ಕ್ಯಾಲಹಾನ್ 1982ರಲ್ಲಿ ಅಟ್ಲಾಂಟಿಕ್‌ನಲ್ಲಿ 76 ದಿನ ತೇಲಿದ್ದು ಹಾಗೆಯೇ. ಆರು ಜನರ ರಾಫ್ಟಿನಲ್ಲಿ ಒಬ್ಬನೇ. ಗಾಳಿ, ಪ್ರವಾಹ ಎಳೆದತ್ತ ಪಯಣ. ರಾಫ್ಟಿನ ಗಾಳಿಕೊಳವೆ ಹರಿದಾಗ ಅದನ್ನು ಮುಚ್ಚಲು ದಿನಗಟ್ಟಲೆ ಒದ್ದಾಡಿದ.

ನನಗೆ ಮತ್ತೆ ಮತ್ತೆ ನೆನಪಾಗುವುದು ರಾಬರ್ಟ್‌ಸನ್ ಕುಟುಂಬ. ಡೂಗಲ್ ರಾಬರ್ಟ್‌ಸನ್, ಹೆಂಡತಿ ಲಿನ್, ಮೂವರು ಗಂಡುಮಕ್ಕಳು, ಜೊತೆಗೊಬ್ಬ ವಿದ್ಯಾರ್ಥಿ. 1972ರ ಜೂನ್‌ನಲ್ಲಿ ಗಲಾಪಗೊಸ್ ದ್ವೀಪಗಳ ಪಶ್ಚಿಮಕ್ಕೆ ಕೊಲೆಗಡುಕ ತಿಮಿಂಗಿಲಗಳು ಗುದ್ದಿ ಅವರ ಹಾಯಿದೋಣಿ ‘ಲೂಸೆಟ್’ ನಿಮಿಷಗಳಲ್ಲಿ ಮುಳುಗಿತು. ಕೈಯಲ್ಲಿ ಉಳಿದದ್ದು ಒಂದು ರಾಫ್ಟ್, ‘ಎಡ್ನಮೇರ್’ ಎಂಬ ಮೂರು ಮೀಟರಿನಷ್ಟು ಉದ್ದದ ಫೈಬರ್ ಡಿಂಗಿ. ಡಿಂಗಿಗೆ ಹಾಯಿ ಕಟ್ಟಿ ಅದರಿಂದ ರಾಫ್ಟನ್ನು ಎಳೆದರು. ಮಳೆ ಸಿಗುವ ಕಡೆ ಹೋಗಲು ಸಾಧ್ಯವಾದದ್ದು ಆ ಹಾಯಿಯಿಂದ. ಎರಡು ವಾರ ದಾಟುತ್ತಿದ್ದಂತೆ ರಾಫ್ಟ್ ಸೋರಿ ಸೋರಿ ಕೈಬಿಟ್ಟಿತು. ಆರೂ ಮಂದಿ ಆ ಪುಟ್ಟ ಡಿಂಗಿಗೆ ಇಳಿದರು. ಅಂಚಿಗೂ ನೀರಿಗೂ ಗೇಣು ಅಂತರ, ಹಗಲಿರುಳು ನೀರು ಎತ್ತಿ ಚೆಲ್ಲುವ ಕೆಲಸ, ಆಮೆ ಹಿಡಿದು ಊಟ. ಒಟ್ಟು 38 ದಿನ! ಜಪಾನಿನ ಮೀನುಗಾರರು ಎತ್ತಿಕೊಂಡಾಗ ಆರೂ ಜನ ಜೀವಂತ. ಆ ಡಿಂಗಿ ಇಲ್ಲದಿದ್ದರೆ ಎರಡು ಮಕ್ಕಳ ತಾಯಿಯಾದ ನಿಮ್ಮ ಮಗಳಿಗೆ ಈ ಕಥೆ ಹೇಳಲು ನನಗೆ ಧೈರ್ಯ ಇರುತ್ತಿರಲಿಲ್ಲ.

ಹಾಗಂತ ಅಲೆ ಎದ್ದ ಕೂಡಲೇ ರಾಫ್ಟಿಗೆ ಹಾರುವುದೂ ಸಲ್ಲ. 1979ರ ಫಾಸ್ಟ್‌ನೆಟ್ ಹಾಯಿದೋಣಿ ಪಂದ್ಯದ ಬಿರುಗಾಳಿಯಲ್ಲಿ ಜನ ಬಿಟ್ಟುಹೋದ 24 ದೋಣಿಗಳಲ್ಲಿ ಮುಳುಗಿದ್ದು ಐದೇ. ದೋಣಿ ಕಾಲಡಿಯಿಂದ ಇಳಿಯುವ ತನಕ ಅದರಲ್ಲೇ ಇರಬೇಕು.

ಡಿಂಗಿ ಯಾವುದು ಅಂದಿರಾ? ಅವರಿಗೆ ಅದು ದಿನಬಳಕೆಯ ಗಾಡಿ ಕೂಡ: ತರಕಾರಿ, ಕುಡಿಯುವ ನೀರು, ಗ್ಯಾಸ್ ಸಿಲಿಂಡರ್, ಮಕ್ಕಳು, ಎಲ್ಲ ಅದರಲ್ಲೇ ದಡಕ್ಕೂ ದೋಣಿಗೂ. ಗಾಳಿ ತುಂಬುವ ರಬ್ಬರ್ ಡಿಂಗಿ ಭಾರ ಹೊರುತ್ತದೆ, ಅಲ್ಲಾಡುವುದು ಕಡಿಮೆ; ಆದರೆ ಎದುರು ಗಾಳಿಗೆ ಹುಟ್ಟು ಹಾಕಿ ನೋಡಲಿ, ತೋಳು ಬಿದ್ದುಹೋಗುತ್ತದೆ. ಪಿವಿಸಿಯದಾದರೆ ಉಷ್ಣವಲಯದ ಬಿಸಿಲಿಗೆ ಬೇಗ ಹಾಳು, ಹೈಪಲಾನ್ ಹೆಚ್ಚು ತಾಳುತ್ತದೆ. ನನ್ನ ಮತ ಕೇಳಿದರೆ ಗಟ್ಟಿ ಮೈಯ ಡಿಂಗಿಯೇ, ಹಾಯಿ ಕಟ್ಟಲು ಬರುವಂಥದ್ದು. ಡೆಕ್ಕಿನ ಮೇಲೆ ಜಾಗ ತಿನ್ನುತ್ತದೆ, ತಿನ್ನಲಿ. ಔಟ್‌ಬೋರ್ಡ್ ಎಂಜಿನ್ ಕೆಟ್ಟ ದಿನ ಮಗಳೊಬ್ಬಳೇ ಹುಟ್ಟು ಹಾಕಿ ದೋಣಿ ಮುಟ್ಟಬಲ್ಲಳೇ, ಕೊಳ್ಳುವ ಮೊದಲು ಅದನ್ನು ನೋಡಿಕೊಳ್ಳಲಿ.

ರಾಫ್ಟ್ ಹಳೆಯದಾದರೆ ಬಿಚ್ಚಿಸಿ, ಉಬ್ಬಿಸಿ, ಪರೀಕ್ಷೆ ಮಾಡಿಸಿದ ಚೀಟಿ ಇದೆಯೇ ಕೇಳಿ. ಇಂದು ರಾತ್ರಿ ಫೋನ್ ಮಾಡುತ್ತೀರಲ್ಲ, ಆಗಲೇ ಕೇಳಿಬಿಡಿ.