ರಂಧ್ರಮೀಮಾಂಸೆ ಅಥವಾ ಬಾನೆಟ್ಟಿನಿಂದ ಡ್ಯಾಶ್‌ಬೋರ್ಡಿಗೆ ವೈರು ಸಾಗುವ ಶಾಸ್ತ್ರ

ಕಂಪನಿಯವರು ಕೊಟ್ಟ ಕಾರಿಗೆ ಕಂಪನಿಯವರು ಕೊಡದ ದೀಪ, ಹಾರನ್ನು, ಆಂಪ್ಲಿಫೈಯರುಗಳನ್ನು ಕೂರಿಸುವ ವಿದ್ಯೆಗೆ ನಮ್ಮಲ್ಲಿ ಇಂದಿಗೂ ಒಂದು ಲಕ್ಷಣಗ್ರಂಥ ಇಲ್ಲದಿರುವುದು ಖೇದಕರ. ಲಕ್ಷ್ಯಕ್ಕೇನೂ ಕೊರತೆಯಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯುದ್ದಕ್ಕೂ ಅದು ಬಾನೆಟ್ ತೆರೆದುಕೊಂಡು ನಿಂತಿದೆ. ಆದ್ದರಿಂದ ಈ ಪ್ರಬಂಧ. ಇದಕ್ಕೆ ಅಧಿಕಾರಿ ಯಾರು? ಇಎಂಐ ಮುಗಿಯುವ ಮೊದಲೇ ಫಾಗ್ ಲ್ಯಾಂಪ್ ಕೊಂಡವನು. ವಿಷಯ, ವೈರು. ಸಂಬಂಧ, ಬ್ಯಾಟರಿಗೂ ಸ್ವಿಚ್ಚಿಗೂ ಇರತಕ್ಕದ್ದು. ಪ್ರಯೋಜನ, ಎದುರಿಗೆ ಬರುವವನ ಕಣ್ಣು ಕುಕ್ಕುವುದು.

ಎಂಜಿನ್ನಿಗೂ ಮನುಷ್ಯನಿಗೂ ನಡುವೆ ಒಂದು ತಗಡಿನ ಗೋಡೆಯುಂಟು. ಬೆಂಕಿ, ಹೊಗೆ, ನೀರು, ಸದ್ದು ಇವು ನಾಲ್ಕೂ ಒಳಗೆ ಬಾರದಿರಲಿ ಎಂದು ಅದನ್ನಿಟ್ಟಿದ್ದಾರೆ. ವೈರು ಐದನೆಯದು, ಅದಕ್ಕೆ ರಂಧ್ರ ಬೇಕು. ರಂಧ್ರಗಳು ಸ್ವಯಂಭೂ ಮತ್ತು ಕೃತಕ ಎಂದು ಎರಡು ಬಗೆ. ಕಾರು ಹುಟ್ಟುವಾಗಲೇ ಇದ್ದು, ಕಂಪನಿಯ ವೈರಿಂಗ್ ಕಟ್ಟಿಗೆ ದಾರಿ ಕೊಟ್ಟು, ಸುತ್ತ ರಬ್ಬರ್ ಗ್ರಾಮೆಟ್ ಧರಿಸಿರುವುದು ಸ್ವಯಂಭೂ. ಇದು ಪೂಜ್ಯ. ‘ಹುಡುಕೋಕೆ ಟೈಮಿಲ್ಲ ಸಾರ್’ ಎಂಬ ಮಂತ್ರಪೂರ್ವಕವಾಗಿ ಡ್ರಿಲ್ಲಿನಿಂದ ಕೊರೆದದ್ದು ಕೃತಕ. ಇದರ ಅಂಚು ಬ್ಲೇಡಿನಂತಿರುತ್ತದೆ. ಎಂಜಿನ್ನು ನಡುಗಿದಷ್ಟೂ ವೈರು ಆ ಅಂಚಿಗೆ ಉಜ್ಜಿ, ಮೇಲಿನ ಪ್ಲಾಸ್ಟಿಕ್ಕು ಸವೆದು, ಒಂದು ದಿನ ತಾಮ್ರವು ತಗಡಿಗೆ ಮುತ್ತಿಡುತ್ತದೆ. ಆ ದಿನ ಹೆಚ್ಚಾಗಿ ಮಳೆಗಾಲದಲ್ಲಿ, ಘಾಟಿಯಲ್ಲಿ, ರಾತ್ರಿ ಬರುತ್ತದೆಂದು ಶಿಷ್ಟರ ಅನುಭವ.

ಸ್ವಯಂಭೂ ರಂಧ್ರದಲ್ಲಿ ವೈರು ತೂರಿಸುವ ವಿಧಿ ಹೀಗಿದೆ. ಗ್ರಾಮೆಟ್ಟಿನ ಒಂದು ಮೂಲೆಯಲ್ಲಿ, ಮೊದಲಿಂದ ಇರುವ ವೈರುಗಳನ್ನು ಚುಚ್ಚದಂತೆ, ಸೈಕಲ್ ಕಡ್ಡಿ ತೂರಿಸಬೇಕು. ಕಡ್ಡಿಯ ತುದಿಗೆ ವೈರನ್ನು ಟೇಪಿನಿಂದ ಸುತ್ತಿ ಸೋಪಿನ ನೀರು ಸವರಬೇಕು. ಗುರುವು ಬಾನೆಟ್ಟಿನ ಬಳಿ ನಿಂತಿರುತ್ತಾನೆ. ಶಿಷ್ಯನ ತಲೆ ಬ್ರೇಕ್ ಪೆಡಲಿನ ಕೆಳಗೆ, ಸೊಂಟ ಬಾಗಿಲ ಹೊಸ್ತಿಲ ಮೇಲೆ, ಕಾಲು ರಸ್ತೆಯ ಮೇಲೆ, ಬಾಯಲ್ಲಿ ಟಾರ್ಚ್ ಹಚ್ಚಿದ ಮೊಬೈಲು. ಈ ಆಸನ ಯಾವ ಯೋಗಗ್ರಂಥದಲ್ಲೂ ಇಲ್ಲ. ಅನಂತರ ಗುರುಶಿಷ್ಯ ಸಂವಾದ:

‘ಬಂತೇನೋ?’

‘ಊಂ ಊಂ.’

‘ಬಾಯಿಂದ ಮೊಬೈಲ್ ತೆಗ್ದು ಹೇಳೋ!’

‘ಬಂತಣ್ಣ, ಆದ್ರೆ ಇದು ಬಾನೆಟ್ ಕೇಬಲ್ಲು.’

ಇನ್ನು ಸಂಖ್ಯಾಪ್ರಕರಣ. ಜರ್ಮನಿಯ ಡಿಐಎನ್ 72552 ಎಂಬ ಸೂತ್ರಗ್ರಂಥವು ಬ್ಯಾಟರಿಯಿಂದ ನೇರ ಬರುವ ಲೈನಿಗೆ 30 ಎಂದೂ, ಬಾಡಿ ಅರ್ತಿಗೆ 31 ಎಂದೂ, ಕೀ ತಿರುಗಿಸಿದ ಮೇಲಷ್ಟೇ ಜೀವ ತಳೆಯುವ ಲೈನಿಗೆ 15 ಎಂದೂ ಹೆಸರಿಟ್ಟಿದೆ. 30 ಮತ್ತು 31 ಅಕ್ಕಪಕ್ಕದವಾದರೂ ಬೇರೆಬೇರೆ. ನಡುವೆ ಬಲ್ಬೋ ಹಾರನ್ನೋ ಇರಲೇಬೇಕು ಎಂಬುದು ದ್ವೈತಿಗಳ ನಿಲುವು. ಎರಡೂ ಅಂತಿಮವಾಗಿ ಒಂದೇ ಎಂಬ ಅದ್ವೈತವು ತತ್ತ್ವವಾಗಿ ಸಾಧುವಿರಬಹುದು. ಬಾನೆಟ್ಟಿನೊಳಗೆ ಅದರ ಸಾಕ್ಷಾತ್ಕಾರವಾದರೆ ಜಗತ್ತು ಮಿಥ್ಯೆಯೋ ಅಲ್ಲವೋ, ಕಾರಂತೂ ಮಿಥ್ಯೆಯಾಗುತ್ತದೆ.

ಈ ಅನಾಹುತ ತಡೆಯುವ ಫ್ಯೂಸು ಎಲ್ಲಿರಬೇಕು ಎಂಬಲ್ಲಿ ಘೋರ ವಿವಾದವಿದೆ. ಪೂರ್ವಪಕ್ಷ ಹೀಗೆ: ಫ್ಯೂಸು ಡ್ಯಾಶ್‌ಬೋರ್ಡಿನ ಕೆಳಗಿರಲಿ, ಹೋದರೆ ಕೂತಲ್ಲೇ ಬದಲಿಸಬಹುದು, ಪ್ಯಾಂಟಿಗೆ ಗ್ರೀಸ್ ಆಗದು. ಸಿದ್ಧಾಂತಿ ಕೇಳುತ್ತಾನೆ: ಅಯ್ಯಾ, ಫ್ಯೂಸು ಕಾಯುವುದು ಯಾರನ್ನು? ದೀಪವನ್ನಲ್ಲ, ವೈರನ್ನು. ಬ್ಯಾಟರಿಯಿಂದ ಫ್ಯೂಸಿನವರೆಗಿನ ವೈರು ಅನಾಥ. ನಿನ್ನ ಏರ್ಪಾಡಿನಲ್ಲಿ ಗೋಡೆಯ ತೂತು ಆ ಅನಾಥ ಭಾಗದಲ್ಲೇ ಬಂತಲ್ಲ! ಅಲ್ಲಿ ಉಜ್ಜಿದರೆ 12 ವೋಲ್ಟಿನ ಸಾಧು ಬ್ಯಾಟರಿಯೇ ನೂರಾರು ಆಂಪಿಯರ್ ಸುರಿಯುತ್ತದೆ, ನಿನ್ನ ಫ್ಯೂಸು ಏನೂ ತಿಳಿಯದೆ ತಂಪಾಗಿ ಕೂತಿರುತ್ತದೆ. ಆದ್ದರಿಂದ ಬ್ಯಾಟರಿಯಿಂದ ಗೇಣುದ್ದದೊಳಗೆ ಫ್ಯೂಸು, ಆಮೇಲೆ ಗೋಡೆ. 55 ವಾಟಿನ ಎರಡು ಫಾಗ್ ಲ್ಯಾಂಪುಗಳಿಗೆ ಸುಮಾರು 9 ಆಂಪಿಯರ್ ಬೇಕು. 15 ಆಂಪಿಯರಿನ ನೀಲಿ ಫ್ಯೂಸು ಸಾಕು, ವೈರೂ ಅಷ್ಟು ತಾಳುವ ದಪ್ಪದ್ದಿರಬೇಕು. ಸುಟ್ಟ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿಹಾಳೆ ಸುತ್ತುವ ನಾಸ್ತಿಕರ ಮತವನ್ನು ಇಲ್ಲಿ ಖಂಡಿಸುವುದಿಲ್ಲ. ಅದು ತಾನಾಗಿಯೇ ಭಸ್ಮವಾಗುವಂಥದು.

ದಪ್ಪ ವೈರು ಒಳಗೆ ಬರಲೇಬೇಕೆ ಎಂಬ ಮೂಲಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ದೀಪ ಇರುವುದು ಮುಂದೆ, ಬ್ಯಾಟರಿ ಬಹುತೇಕ ಕಾರುಗಳಲ್ಲಿ ಮುಂದೆ. ಆದರೂ ಕರೆಂಟು ಪೂರ್ತಿ ಒಳಗೆ ಬಂದು, ಡ್ರೈವರನ ಬೆರಳ ಕೆಳಗೆ ಹಾದು, ಮತ್ತೆ ಹೊರಗೆ ಹೋಗಬೇಕೆಂದು ಲೋಕರೂಢಿ. ರಿಲೇ ಎಂಬ ಸಣ್ಣ ಡಬ್ಬಿಯನ್ನು ಬಾನೆಟ್ಟಿನೊಳಗೇ ಕೂರಿಸಿದರೆ ಅದರ 30ನೇ ಕಾಲಿನಿಂದ 87ನೇ ಕಾಲಿಗೆ ಭಾರೀ ಕರೆಂಟು ಅಲ್ಲಲ್ಲೇ ಹರಿಯುತ್ತದೆ. ಒಳಗೆ ಬೇಕಾದದ್ದು 85–86ರ ಕಾಯಿಲನ್ನು ಎಬ್ಬಿಸುವ ಸಣಕಲು ವೈರು ಮಾತ್ರ. ಅದಕ್ಕೂ ಫ್ಯೂಸಿನ ರಕ್ಷೆ ಬೇಕು. ಆಂಪ್ಲಿಫೈಯರಿಗೆ ಈ ವಿನಾಯಿತಿ ಇಲ್ಲ. ಅದು ಡಿಕ್ಕಿಯಲ್ಲಿ ಕೂತು ದಪ್ಪ ವೈರನ್ನೇ ಬೇಡುತ್ತದೆ, ಬೇಡಲಿ.

ಕಡೆಗೆ ಉತ್ಖನನಪ್ರಕರಣ. ಸೆಕೆಂಡ್ ಹ್ಯಾಂಡ್ ಕಾರಿನ ಕಾರ್ಪೆಟ್ ಎತ್ತಿದವರಿಗೆ ಹಿಂದಿನ ರಾಜವಂಶಗಳ ಪರಿಚಯವಾಗುತ್ತದೆ. ಮೇಲಿನ ಪದರದಲ್ಲಿ ಡ್ಯಾಶ್‌ಕ್ಯಾಮ್, ಅದರಡಿ ಸೆಂಟ್ರಲ್ ಲಾಕು, ಇನ್ನೂ ಕೆಳಗೆ ರಿವರ್ಸ್ ಹಾಕಿದಾಗ ಹಾಡುತ್ತಿದ್ದ ಡಬ್ಬಿ, ತಳದಲ್ಲಿ ಕ್ಯಾಸೆಟ್ ಯುಗ. ಇವೆಲ್ಲದರ ನಡುವೆ ಒಂದು ಕೆಂಪು ವೈರು ಬಾನೆಟ್ಟಿನಿಂದ ಬಂದು ಯಾವುದಕ್ಕೂ ಸೇರದೆ ನಿಂತಿರುತ್ತದೆ. ಕೀ ತೆಗೆದು ಟೆಸ್ಟ್ ಲ್ಯಾಂಪ್ ಹಿಡಿದರೂ ಉರಿಯುತ್ತದೆ. ಅದನ್ನು ಬ್ಯಾಟರಿಯ ತುದಿಯಲ್ಲೇ ಬಿಚ್ಚಬೇಕೆಂದು ನವ್ಯರು. ಪ್ರಾಚೀನರು ಮಾತ್ರ ಅದರ ಮೂತಿಗೆ ಎರಡು ಸುತ್ತು ಟೇಪು ಸುತ್ತಿ, ಕಾರ್ಪೆಟ್ಟಿನಡಿಗೆ ತಳ್ಳಿ, ಕೈ ಒರೆಸಿಕೊಳ್ಳುತ್ತ ಭಾಷ್ಯ ಹೇಳುತ್ತಾರೆ: ‘ಇರ್ಲಿ ಬಿಡಿ ಸಾರ್, ಮುಂದೆ ಯಾವ್ದಕ್ಕಾದ್ರೂ ಬೇಕಾಗುತ್ತೆ.’