ಒಂದೇ ಕೋಶದಾಕಿ, ನೂರೆಂಟು ತಕರಾರು

ಅಂಕೋಲಾದ ಮೀನಿನ ಬುಟ್ಟಿಯಿಂದ ಸೋರಿದ ಉಪ್ಪುನೀರಿನ ಹನಿಯೊಂದರಲ್ಲಿ ಹುಬ್ಬಳ್ಳಿಯ ಬೈರಿದೇವರಕೊಪ್ಪದ ಚಿಗರಿ ಬಸ್ ನಿಲ್ದಾಣಕ್ಕೆ ಬಂದಿಳಿದವರು ಫ್ರಾಜಿಲೇರಿಯಾ ಓಷಿಯಾನಿಕಾ ಬಾಯಾರು. ಏಕಕೋಶಿ, ಗಾಜಿನಂಥ ಕವಚ, ಡಯಾಟಮ್ ಮನೆತನ. ತಾರ್ಲಿ ಮೀನಿಗೆ ಅಚ್ಚುಮೆಚ್ಚಿನ ಊಟ. ಊರಿನ ಹೊಲಸು ಹರಿಯುವ ನಾಲಾದ ನಾತದ ಬಗ್ಗೆ ಇಲ್ಲಿಯವರನ್ನು ಕೇಳಿ ಸಾಕಾಗಿತ್ತು. ನೀರು ಹೋಗಿ ಮುಟ್ಟುವ ಕಡೆಯವರನ್ನೇ ಕೇಳಿದೆ.

ನಾನು: ಬಾಯಾರ, ಹುಬ್ಬಳ್ಳಿ ನಾಲಾ ಬೇಡ್ತಿ ಸೇರಿ, ಗಂಗಾವಳಿ ಅನ್ನಿಸಿಕೊಂಡು ನಿಮ್ಮ ಅಂಗಳಕ್ಕ ಬರತೈತಿ. ರುಚಿ ಹೆಂಗೈತ್ರಿ?

ಬಾಯಾರು: ಅದಿರಲಿ. ಬ್ರಾರುಡೋಸ್ಫೇರಾ ಬಿಗೆಲೋವಿ ಸುದ್ದಿ ಕೇಳೀರೇನು? ನನ್ನಂಗ ಒಂದೇ ಕೋಶದಾಕಿ. ಸುಮಾರು 10 ಕೋಟಿ ವರ್ಷದ ಹಿಂದ ಒಂದು ಬ್ಯಾಕ್ಟೀರಿಯಾ ಆಕಿ ಒಳಗ ಹೊಕ್ಕಿದ್ದು ಹೊರಗ ಬರಲೇ ಇಲ್ಲ. ಈಗ ಗಾಳಿಯ ನೈಟ್ರೋಜನ್ ಹಿಡಿದು ಆಕಿಗೆ ಉಣ್ಣಾಕ ಕೊಡತೈತಿ. 2024ರಾಗ ‘ಸೈನ್ಸ್’ ಪತ್ರಿಕ್ಯಾಗ ಅದಕ್ಕ ನೈಟ್ರೋಪ್ಲಾಸ್ಟ್ ಅಂತ ಹೆಸರು ಬ್ಯಾರೆ. ಆಕೀನ್ನ ಬೆಳಸಾಕ ಜಪಾನಿನ ಕ್ಯೋಕೋ ಹಗಿನೋ 300ಕ್ಕೂ ಹೆಚ್ಚು ಸಲ ಸಮುದ್ರದ ನೀರು ತಂದ್ರು. ನನ್ನ ಹಂತ್ಯಾಕ ಯಾರು ಬಂದಾರ? ಗಾಳ್ಯಾಗ ನೂರಕ್ಕ 78 ಪಾಲು ನೈಟ್ರೋಜನ್, ನನಗ ಒಂದು ತುತ್ತಿಲ್ಲ. ಎರಡು ಪರಮಾಣುವಿನ ನಡುವ ಮೂರು ಬಂಧ. ಮುರಿಯಾಕ ನನಗ ಬರಂಗಿಲ್ಲ.

ನಾನು: ಹಂಗಾದ್ರ ಊಟ?

ಬಾಯಾರು: ನೀರಾಗ ಕರಗಿದ ನೈಟ್ರೇಟ್, ಅಮೋನಿಯಂ, ಯೂರಿಯಾ. ಮೈಪೊರ್ಯಾಗ ಒಂದೊಂದಕ್ಕ ಬ್ಯಾರೆ ಬ್ಯಾರೆ ಬಾಗಲಾ...

ನಾನು: ಅಂದ್ರ ಬಿಆರ್‌ಟಿಎಸ್ ಲೇನ್! ನಮ್ಮ ಚಿಗರಿ ಬಸ್ಸಿನ ಲೇನಿನಂಗ ನಿಮ್ಮಲ್ಲೂ ನಡುವಿಂದು ಖಾಲಿ, ಅಂಚಿನ್ಯಾಗ ಜಾಮ್ ಏನ್ರಿ?

ಬಾಯಾರು: ಅಮೋನಿಯಂ ಸಾಕಷ್ಟು ಸಿಕ್ಕರ ನೈಟ್ರೇಟ್ ಬಾಗಲಾ ಬಂದ್ ಮಾಡ್ತೀನಿ. ನೈಟ್ರೇಟ್ ಖರ್ಚಿನ ಬಾಬತ್ತು. ಮೊದಲ ನೈಟ್ರೈಟ್ ಮಾಡಬೇಕು, ಅದನ್ನ ಕ್ಲೋರೋಪ್ಲಾಸ್ಟ್‌ಗೆ ಒಯ್ದು ಅಮೋನಿಯಂ ಮಾಡಬೇಕು, ಆಮ್ಯಾಲೆ ಅಮೈನೋ ಆಮ್ಲ. ಬಿಗೆಲೋವಿಗೆ ಈ ತ್ರಾಸಿಲ್ಲ.

ನಾನು: ನಮ್ಮ ಚಿಗರಿ 2018ರಾಗ ಓಡಾಕ ಹತ್ತಿತು, ಉದ್ಘಾಟನಿ ಆಗಿದ್ದು 2020ರಾಗ! ನಿಮ್ಮ ಬಾಗಲಾ ಉದ್ಘಾಟನಿಗೆ ಯಾರು ಬಂದಿದ್ರು?

ಬಾಯಾರು: ನಾ ಬಿಗೆಲೋವಿ ಸುದ್ದಿ ಹೇಳಾಕತ್ತೀನಿ!

ನಾನು: ಆತ್ರಿ, ನಾಲಾಕ್ಕ ಬರೂಣು. ನಮ್ಮ ಹೊಲಸಿನ್ಯಾಗ ಅಮೋನಿಯಂ ಐತಿ, ಯೂರಿಯಾ ಐತಿ. ನಿಮಗ ಹಬ್ಬ ಅಲ್ಲೇನ್ರಿ?

ಬಾಯಾರು: ಹಬ್ಬ? ನನ್ನ ಹಬ್ಬ ಮಳಿಗಾಲದಾಗ, ಸಮುದ್ರದ ತಳದ ತಣ್ಣನ ನೀರು ನೈಟ್ರೇಟ್ ಹೊತಗೊಂಡು ಮ್ಯಾಲೆ ಬಂದಾಗ. ನೀವು ಕಳಿಸೂದು ನನ್ನ ತನಕ ಬರೂ ಮೊದಲ ಯಾರ ಕೈಕಾಲ ಮ್ಯಾಲೆ ಹಾಯ್ದೈತಿ, ಕೇಳೀರೇನು? ಹುಬ್ಬಳ್ಳಿ ದಾಟಿದ ಮ್ಯಾಲೆ ಬ್ಯಾರೆ ನೀರಿಲ್ಲದ ರೈತರು ಅದನ್ನ ಕಾಯಿಪಲ್ಯಕ್ಕ ಹಾಸ್ಯಾರ. ಹೆಣ್ಮಕ್ಕಳು ಬರಿಗೈಲೆ ಅದರಾಗ ನಿಂತು ಕಸಾ ತಗದಾರ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರೂ ಸೇರಿ 2003ರಾಗನ ಇದನ್ನ ಬರದಿಟ್ಟಾರ. ಓದಿದವರು ಯಾರು? ಉಣಕಲ್ ಕೆರ್‍ಯಾಗ ಅಂತರಗಂಗಿ ಹಬ್ಬೂದು ಏನುಂಡು? ಮಷೀನ್ ತಂದು ಬಳ್ಳಿ ತಗಸ್ತೀರಿ, ಬಳ್ಳಿಗೆ ಉಣ್ಣಾಕ ಹಾಕೂದು ಬಿಡಂಗಿಲ್ಲ. ಆಮ್ಯಾಲೆ ಮೂಗಿಗೆ ಕರವಸ್ತ್ರ ಹಿಡಕೊಂಡು ನನಗ ರುಚಿ ಕೇಳಾಕ ಬರ್ತೀರಿ!

ನನ್ನ ಹಾಳೆಯಲ್ಲಿ ಇನ್ನೂ ನಾಲ್ಕು ಪ್ರಶ್ನೆ ಇದ್ದವು, ಎಲ್ಲವೂ ಲೇನಿನ ಬಗ್ಗೆ. ಮಡಚಿ ಕಿಸೆಗೆ ಹಾಕಿಕೊಂಡೆ.

ನಾನು: ವಾಪಸ್ ಹೆಂಗ ಹೋಗ್ತೀರಿ?

ಬಾಯಾರು: ನಿಮ್ಮ ಚಿಗರಿ ಅಂಕೋಲಾಕ್ಕ ಹೋಗತೈತೇನು?

ನಾನು: ಎಲ್ಲಿದ್ರಿ! ತನ್ನ ಲೇನ್ ಬಿಟ್ಟು ಕದಲಂಗಿಲ್ಲ ಅದು.

ಬಾಯಾರು: ಹಂಗಾದ್ರ ನಾಲಾನ ಗತಿ. ಬಿಗೆಲೋವಿಗೆ ಮಾತ್ರ ಹೇಳಬ್ಯಾಡ್ರಿ.